ಅಪ್ಪನ ಕಣ್ಣಿಗೆ ನಾನು ಹೇಳಿದ ಲೆಕ್ಕ

ಮನೆಯಿಂದ,
ಜೂನ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಚಿಕ್ಕಮ್ಮನ ಮನೆಯಲ್ಲಿ ಮೆಟ್ಟಿಲು ಜಾಸ್ತಿ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯ ಅಂತ ಕೇಳಿದರೆ "ಏನಿಲ್ಲ, ಎರಡೇ ಸಲ" ಅನ್ನುತ್ತೀಯ. ನೀನು ಹೇಳಿದ್ದನ್ನು ನಾಲ್ಕರಿಂದ ಗುಣಿಸಿಕೊಳ್ಳಬೇಕು ಅಂತ ನನಗೆ ಚಿಕ್ಕಂದಿನಿಂದಲೂ ಗೊತ್ತು. ಚಿಕ್ಕಮ್ಮನ ಸೊಂಟ ಹೇಗಿದೆ? ಕೋಲು ಹಿಡಿದು ನಡೆಯುತ್ತಾಳಾ, ಇಲ್ಲ ಇನ್ನೂ ನಿನ್ನ ಭುಜವೇ ಅವಳಿಗೆ ಕೋಲಾ? ಅವಳ ಮೇಲೆ ನನಗೆ ಪ್ರೀತಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮೂರು ತಿಂಗಳಲ್ಲಿ ನಿನ್ನ ಜೊತೆ ಒಂದು ಮಾತು ಬಿಡಿಸಿ ಆಡಲು ಆಗಿಲ್ಲ ಅಂದರೆ ಅದಕ್ಕೆ ಅವಳೇ ಕಾರಣ. ಯಾವಾಗ ಫೋನ್ ಮಾಡಿದರೂ ಎತ್ತುವವಳು ಅವಳು. ಕಿವಿ ಮಂದ ಅಂತ ಸ್ಪೀಕರ್ ಹಾಕುತ್ತಾಳೆ, ಆಮೇಲೆ ನಾನು ಹೇಳಿದ ಒಂದೊಂದು ಮಾತನ್ನೂ ಪಕ್ಕದ ಮನೆಯವರಿಗೂ ಕೇಳುವ ಹಾಗೆ ತಿರುಗಿ ಹೇಳುತ್ತಾಳೆ. ಹೋದ ವಾರ "ಅಮ್ಮನಿಗೆ ಕೊಡು, ಸ್ವಲ್ಪ ಮಾತಾಡಬೇಕು" ಅಂದದ್ದಕ್ಕೆ "ಯಾಕೆ, ಪೊಲೀಸರು ಬಂದಿದ್ರಾ?" ಅಂತ ಕೇಳಿದಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಬರೆದು ಹತ್ತು ವರ್ಷವಾಗಿರಬೇಕು. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಸಹಿಸಿಕೋ. ಚಿಕ್ಕಮ್ಮ ಮಧ್ಯಾಹ್ನ ಮಲಗಿದಾಗ ಒಬ್ಬಳೇ ಕೂತು ಓದು.

ಇಲ್ಲಿ ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ. ಪ್ಲಂಬರ್ ಮೂರು ಸಲ ಬಂದ, ಮೂರು ಸಲವೂ ನಲ್ಲಿಯನ್ನು ನೋಡಿ ತಲೆ ಆಡಿಸಿ ಹೋದ, ಸತ್ತವರ ಮನೆಗೆ ಬಂದವನ ಹಾಗೆ. ಕಿಟಕಿಯಲ್ಲಿದ್ದ ನಿನ್ನ ಗಿಡಗಳಲ್ಲಿ ಎರಡು ಒಣಗಿವೆ, ನೀರು ಹಾಕಲಿಲ್ಲ ಅಂತ ಅಲ್ಲ, ಜಾಸ್ತಿ ಹಾಕಿದ್ದಕ್ಕೆ. ನೋಡು, ಬಿಟ್ಟರೆ ನಾನು ಹೀಗೇ ನಲ್ಲಿ, ಗಿಡ ಅಂತ ಒಂದು ಪುಟ ತುಂಬಿಸಿಬಿಡುತ್ತೇನೆ. ವಿಷಯ ಅಪ್ಪನದು. ಕಣ್ಣಿಗೆ ಧೂಳು ಬಿದ್ದು ಕೆಂಪಾಗಿದೆ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳು. ಅಪ್ಪನ ಎಡಗಣ್ಣು ಹೋಗಿದೆ ಅಮ್ಮಾ. ಬೆಳಕು ಯಾವುದು, ಕತ್ತಲೆ ಯಾವುದು ಅಂತ ಗೊತ್ತಾಗುತ್ತದೆ, ಅಷ್ಟೇ. ಉಳಿದಂತೆ ಚೆನ್ನಾಗಿದ್ದಾರೆ. ಹೊಟ್ಟೆ ತುಂಬ ಊಟ ಮಾಡುತ್ತಾರೆ, ಅಂಗಡಿಗೆ ಹೋಗುತ್ತಾರೆ, ಪ್ಲಂಬರ್ ಜೊತೆ ಜಗಳ ಆಡುತ್ತಾರೆ. ನಿನಗೆ ಹೇಳಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದರು. "ಗೊತ್ತಾದ್ರೆ ಅಲ್ಲಿ ತಂಗೀನ ಬಿಟ್ಟು ಇಲ್ಲಿಗೆ ಓಡಿ ಬರ್ತಾಳೆ, ಇಲ್ಲಿ ಕೂತ್ಕೊಂಡು ಅಲ್ಲಿಂದು ಯೋಚನೆ ಮಾಡ್ತಾಳೆ" ಅಂದಿದ್ದರು. ಇವತ್ತು ಆ ಮಾತು ಮುರಿಯುತ್ತಿದ್ದೇನೆ. ಮೊದಲಿನಿಂದ ಹೇಳುತ್ತೇನೆ. ನಡುವೆ ಬೈಯಬೇಕು ಅನ್ನಿಸಿದರೆ ಬೈದುಕೋ, ಆದರೆ ಕೊನೆಯವರೆಗೆ ಓದು.

ನೀನು ಹೋಗಿ ಮೂರು ವಾರವಾಗಿತ್ತು. ಅಂಗಡಿಗೆ ಒಬ್ಬ ತಾಯಿ ಬಂದು ಬೆಳ್ಳಿ ಬಣ್ಣದ ಕಪ್ ಒಂದನ್ನು ಮೇಜಿನ ಮೇಲಿಟ್ಟಳಂತೆ. ಈಜಿನಲ್ಲಿ ಮೊದಲು ಬಂದ ಅವಳ ಮಗಳಿಗೆ ಶಾಲೆಯವರು ಕೊಟ್ಟದ್ದು. ಹೆಸರಿನ ನಡುವೆ ಒಂದು ಅಕ್ಷರವೇ ಇಲ್ಲ. ನಲವತ್ತು ವರ್ಷದಿಂದ ಗೆದ್ದವರ ಹೆಸರು ಕೆತ್ತುತ್ತಿರುವ ಮನುಷ್ಯ ಒಂದು ಕೊಂಬು ತಪ್ಪಿಸಿದ್ದನ್ನು ನೀನು ನೋಡಿದ್ದೀಯಾ? ಅಪ್ಪ ದೀಪದ ಮೇಲೆ ತಪ್ಪು ಹೊರಿಸಿದರು, ಹೊಸ ದೀಪ ತಂದರು. ಮುಂದಿನ ವಾರ ಒಂದು ಫಲಕದಲ್ಲಿ ಇಸವಿಯ ನಡುವಿನ ಅಂಕಿ ಸೊಟ್ಟ ಬಂತು. ಆಗ ಉಳಿಯನ್ನು ಬೈದರು. ಕೊನೆಗೆ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಎದುರು ಕೂತಿದ್ದಾಗ, ಕೈಯಿಂದ ಬಲಗಣ್ಣು ಮುಚ್ಚಿಕೊಂಡು ನನ್ನನ್ನೇ ನೋಡಿ "ನಿನಗೆ ಮೂಗಿಲ್ಲ" ಅಂದರು. ತಮಾಷೆ ಅಂದುಕೊಂಡು ನಕ್ಕೆ. "ನಗಬೇಡ. ಕಿವಿ ಇದೆ, ಕೂದಲಿದೆ. ನಡುವೆ ಏನೂ ಇಲ್ಲ" ಅಂದರು.

ಕಣ್ಣಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. ಬಿಡಿಸಿ ಬಿಡಿಸಿ ಹೇಳುತ್ತಾರೆ, ಅವಸರವಿಲ್ಲ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಒಂದು ತೂತಾಗಿದೆ, ಹಳೆಯದು, ದೊಡ್ಡದು ಅಂದರು. ಹಾಗೇ ಬಿಟ್ಟರೆ ನಡುವಿನ ನೋಟ ಪೂರ್ತಿ ಹೋಗುತ್ತದೆ, ಸುತ್ತಲಿನದು ಉಳಿಯುತ್ತದೆ. ನಡೆದಾಡಬಹುದು, ಕೆತ್ತಲು ಆಗದು. ಆಪರೇಶನ್ ಮಾಡಿದರೆ ತೂತು ಮುಚ್ಚಬಹುದು. ಎಷ್ಟು ಜನಕ್ಕೆ ಮುಚ್ಚುತ್ತದೆ ಅಂತ ಹೇಳಲು ಡಾಕ್ಟರು ಬಾಯಿ ತೆರೆದರು, ಅಷ್ಟರಲ್ಲಿ ಅಪ್ಪ ಎದ್ದು ನಿಂತರು. "ಆ ಲೆಕ್ಕ ಇವಳಿಗೆ ಹೇಳಿ. ಇವಳ ಕೆಲಸಾನೇ ಅದು" ಅಂದವರೇ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಆ ಒಂದು ಮಾತು ನನಗೆ ಏನು ಮಾಡಿತು ಅಂತ ನಿನಗಲ್ಲದೆ ಇನ್ನಾರಿಗೂ ಅರ್ಥವಾಗುವುದಿಲ್ಲ. ನಾನು ವಿಮಾ ಕಚೇರಿ ಬಿಟ್ಟು ಪೋಕರ್ ಆಡಿ ಬದುಕಲು ಶುರುಮಾಡಿ ಹದಿಮೂರು ವರ್ಷವಾಯಿತು. ಆ ಕಚೇರಿಯಲ್ಲಿ ನಾನು ಮಾಡುತ್ತಿದ್ದದ್ದಾದರೂ ಏನು? ಯಾವ ವಯಸ್ಸಿನವರು ಯಾವಾಗ ಸಾಯಬಹುದು ಅಂತ ಪಟ್ಟಿ ನೋಡಿ ಅಂದಾಜು ಹೇಳುವುದು. ಅದು ಮರ್ಯಾದಸ್ಥರ ಕೆಲಸ. ಎದುರು ಕೂತವನ ಕೈಯಲ್ಲಿ ಯಾವ ಎಲೆ ಇರಬಹುದು ಅಂತ ಅಂದಾಜು ಮಾಡಿದರೆ ಅದು ಜೂಜು. ಅಪ್ಪ ನಾಲ್ಕು ತಿಂಗಳು ಮಾತು ಬಿಟ್ಟರು. ನೀನು ಬಿಡಲಿಲ್ಲ, ಆದರೆ ಕೇಳಿದವರಿಗೆಲ್ಲ "ಅವಳು ಲೆಕ್ಕದ ಕೆಲಸ ಮಾಡ್ತಾಳೆ" ಅನ್ನುತ್ತಾ ಬಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹದಿಮೂರು ವರ್ಷದಲ್ಲಿ ನಾನು ಕುಡಿದು ಮನೆಗೆ ಬಂದಿಲ್ಲ, ಯಾರ ಮುಂದೆಯೂ ಕೈ ಚಾಚಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಹಿಂದಿನ ದಿನ ಆಡಿದ್ದನ್ನೆಲ್ಲ ಕಾಗದದ ಮೇಲೆ ಮತ್ತೆ ಆಡಿ ನನ್ನ ತಪ್ಪು ಹುಡುಕುತ್ತೇನೆ. ಎಷ್ಟು ಜನ ತಮ್ಮ ಕಚೇರಿ ಕೆಲಸಕ್ಕೆ ಅಷ್ಟು ಮಾಡುತ್ತಾರೆ? ಪೋಕರ್ ಅಂದರೆ ಜನ ಏನೇನೋ ಅಂದುಕೊಂಡಿದ್ದಾರೆ. ಹತ್ತು ಗಂಟೆ ಕೂತರೆ ಎಂಟು ಗಂಟೆ ನಾನು ಮಾಡುವುದು ಬಂದ ಎಲೆ ನೋಡಿ ಸುಮ್ಮನೆ ಕೆಳಗಿಡುವ ಕೆಲಸ. ಬಸ್ ಸ್ಟಾಪಿನಲ್ಲಿ ನಿಂತು ನಮ್ಮದಲ್ಲದ ಬಸ್ಸುಗಳನ್ನು ಬಿಡುತ್ತಾ ಹೋದ ಹಾಗೆ. ಅಪ್ಪ ಒಂದು ದಿನವೂ ಅದನ್ನು ಕೆಲಸ ಅಂದಿರಲಿಲ್ಲ. ಮನೆಗೆ ಬಂದರೆ "ಇಸ್ಪೀಟು ಮುಗೀತಾ?" ಅಷ್ಟೇ. ಒಮ್ಮೆ ನಾನು ಇನ್ನೂರು ಜನರಲ್ಲಿ ಎರಡನೆಯವಳಾಗಿ ಬಂದಾಗ, ಅಂಗಡಿಯಲ್ಲಿ ಗಿರಾಕಿಗಳ ಎದುರೇ "ಎರಡನೇವರ ಹೆಸರು ಕೆತ್ತಿಸೋಕೆ ನನ್ನ ಹತ್ರ ಯಾರೂ ಬರಲ್ಲ" ಅಂದಿದ್ದರು. ಅಂಥವರು ಡಾಕ್ಟರ ಮುಂದೆ "ಇವಳ ಕೆಲಸಾನೇ ಅದು" ಅಂದುಬಿಟ್ಟರು. ನಾನು ಆ ಕುರ್ಚಿಯಲ್ಲಿ ಒಂದು ಗೇಣು ಎತ್ತರ ಕೂತೆ ಅಮ್ಮಾ, ಸುಳ್ಳು ಯಾಕೆ ಹೇಳಲಿ.

ಡಾಕ್ಟರು ಹೇಳಿದ ಲೆಕ್ಕ ಹೀಗಿತ್ತು. ಇಷ್ಟು ಹಳೆಯ ತೂತಾದರೆ ಹತ್ತು ಜನರಲ್ಲಿ ಏಳು ಜನಕ್ಕೆ ಮುಚ್ಚುತ್ತದೆ, ಇಬ್ಬರಿಗೆ ಇದ್ದ ಹಾಗೇ ಇರುತ್ತದೆ, ಒಬ್ಬರಿಗೆ ಇರುವುದೂ ಹೋಗಬಹುದು. ನನ್ನ ಮೇಜಿನ ಮೇಲೆ ಹತ್ತಕ್ಕೆ ಏಳು ಸಿಕ್ಕರೆ ನಾನು ಎರಡನೆಯ ಸಲ ಯೋಚಿಸುವುದಿಲ್ಲ. ಆದರೆ ಅಪ್ಪನಿಗೆ ಏಳು ಅಂದರೆ ಉಳಿದ ಮೂರೇ ಕೇಳಿಸುತ್ತದೆ. ಹಲ್ಲು ಕೀಳಿಸಲು ಒಂದೂವರೆ ವರ್ಷ ಯೋಚಿಸಿದ ಮನುಷ್ಯ. ತಡವಾದಷ್ಟೂ ತೂತು ದೊಡ್ಡದಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಇದು ಒಂದು ಕಾರಣ. ಇನ್ನೊಂದೂ ಇತ್ತು. ವರ್ಷದ ದೊಡ್ಡ ಪಂದ್ಯಕ್ಕೆ ಎರಡು ವಾರ ಉಳಿದಿತ್ತು. ಡಾಕ್ಟರ ಬಳಿ ಆ ಗುರುವಾರಕ್ಕೆ ಒಂದು ಜಾಗ ಖಾಲಿ ಇತ್ತು, ಅದು ತಪ್ಪಿದರೆ ಮುಂದಿನದು ಪಂದ್ಯದ ವಾರವೇ. ಆಪರೇಶನ್ ಆದ ಮೇಲೆ ಏಳು ದಿನ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಈ ಎರಡು ಕಾರಣಗಳಲ್ಲಿ ಯಾವುದು ನನ್ನ ತಲೆಗೆ ಮೊದಲು ಬಂತು ಅಂತ ಕೇಳಬೇಡ. ಹೊರಗೆ ಹೋಗಿ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತೆ. "ಎಷ್ಟು?" ಅಂದರು. "ನೂರಕ್ಕೆ ತೊಂಬತ್ತೈದು" ಅಂದೆ. "ಹಾಗಾದ್ರೆ ಮಾಡಿಸೋಣ" ಅಂದರು. ಆಟದಲ್ಲಿ ನಾನು ಹೇಳುವ ಸುಳ್ಳನ್ನು ಎದುರಿನವನು ನಿರೀಕ್ಷಿಸಿಕೊಂಡೇ ಕೂತಿರುತ್ತಾನೆ, ಅವನೂ ನನಗೆ ಸುಳ್ಳು ಹೇಳುತ್ತಿರುತ್ತಾನೆ, ಲೆಕ್ಕ ಚುಕ್ತಾ. ಇಲ್ಲಿ ಪಕ್ಕದಲ್ಲಿದ್ದದ್ದು ಔಷಧಿ ಹಾಕಿಸಿಕೊಂಡು ಕಣ್ಣು ಮಂಜಾಗಿ ಕೂತಿದ್ದ ಅಪ್ಪ.

ಆಪರೇಶನ್ ಚೆನ್ನಾಗಿಯೇ ಆಯಿತು. ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದರು. ಅದು ತೇಲಿ ಬಂದು ತೂತನ್ನು ಒತ್ತಿ ಹಿಡಿಯಬೇಕಾದರೆ ಮುಖ ನೆಲಕ್ಕೆ ಮಾಡಿಕೊಂಡೇ ಇರಬೇಕು. ಊಟಕ್ಕೆ, ಬಚ್ಚಲಿಗೆ ಬಿಟ್ಟರೆ ತಲೆ ಎತ್ತುವಂತಿಲ್ಲ. ಮಡಿಸುವ ಮೇಜಿನ ಅಂಚಿಗೆ ಟವೆಲ್ ಸುತ್ತಿ ಹಣೆ ಇಡಲು ಜಾಗ ಮಾಡಿಕೊಟ್ಟೆ. ಅಪ್ಪ ಎಂಥ ರೋಗಿ ಅಂತ ನಿನಗೆ ಹೇಳಬೇಕಾ? ಮೊದಲ ದಿನವೇ "ನೆಲ ಸರಿಯಾಗಿ ಒರೆಸಿಲ್ಲ" ಅಂದರು. ಎರಡನೆಯ ದಿನ ಟೈಲ್ಸಿನ ಸಂದು ಗೋಡೆಯ ಹತ್ತಿರ ಸೊಟ್ಟ ಹೋಗಿದೆ ಅಂತ ಪತ್ತೆ ಹಚ್ಚಿದರು. ಹದಿನೆಂಟು ವರ್ಷ ಅದರ ಮೇಲೇ ಓಡಾಡಿದ್ದಾರೆ. ದಿನಕ್ಕೆ ಆರು ಸಲ ಮೂರು ಬಗೆಯ ಹನಿ ಹಾಕಬೇಕಿತ್ತು, ಎರಡು ನಿಮಿಷ ತಡವಾದರೆ ಗಡಿಯಾರ ನೋಡದೆಯೇ ಗೊಣಗುತ್ತಿದ್ದರು. ಮೂರನೆಯ ದಿನ ಬೇಸರ ತಡೆಯಲಾಗದೆ, "ಅದೇನು ಆಡ್ತೀಯೋ ತೋರಿಸು, ನೋಡೋಣ" ಅಂದರು.

ಅವರ ಮುಖದ ಕೆಳಗೆ ನೆಲದ ಮೇಲೆ ಎಲೆ ಹರಡಿಕೊಂಡು ಕೂತೆ. ಅವರಿಗೆ ಕಾಣುತ್ತಿದ್ದ ಜಾಗ ಅದೊಂದೇ, ಅದೂ ಬಲಗಣ್ಣಿಗೆ. ಒಬ್ಬೊಬ್ಬರಿಗೆ ಎರಡೆರಡು ಎಲೆ ಗುಟ್ಟಾಗಿ, ನಡುವೆ ಐದು ಎಲೆ ಎಲ್ಲರಿಗೂ ಕಾಣುವ ಹಾಗೆ, ಏಳರಲ್ಲಿ ಒಳ್ಳೆಯ ಐದು ಯಾರದ್ದೋ ಅವರು ಗೆದ್ದರು ಅಂತ ವಿವರಿಸಿದೆ. ಬೇಗ ಕಲಿತರು. ಆದರೆ ಕೆಟ್ಟ ಎಲೆ ಬಂದರೆ ಬಿಡಲು ಮನಸ್ಸಿಲ್ಲ. "ಬಂದಿದ್ದನ್ನ ಯಾಕೆ ಬಿಸಾಕ್ಬೇಕು, ಇರ್ಲಿ" ಅನ್ನುತ್ತಿದ್ದರು, ಹಳೆಯ ಮೊಳೆ ಡಬ್ಬಿಯಲ್ಲಿ ಇಟ್ಟುಕೊಳ್ಳುವವರ ಹಾಗೆ. ನನ್ನ ಕೈಯಲ್ಲಿ ಎರಡು ರಾಣಿ, ಎದುರಿನವನ ಕೈಯಲ್ಲಿ ಎರಡು ಒಂಬತ್ತು ಇದ್ದರೆ ಐದಕ್ಕೆ ನಾಲ್ಕು ಸಲ ನಾನೇ ಗೆಲ್ಲುತ್ತೇನೆ ಅಂತ ತೋರಿಸಿದೆ. "ಐದನೇ ಸಲ?" ಅಂದರು. ಸೋಲುತ್ತೇನೆ, ಆದರೆ ತಪ್ಪು ಮಾಡಿರುವುದಿಲ್ಲ, ಲೆಕ್ಕ ಸರಿ ಇತ್ತು, ಎಲೆ ಸರಿ ಬೀಳಲಿಲ್ಲ, ಅಷ್ಟೇ ಅಂದೆ. "ಸೋತವರೆಲ್ಲ ಹೇಳೋದು ಅದನ್ನೇ" ಅಂದರು ನೆಲ ನೋಡುತ್ತಲೇ. ಆದರೆ ಸಂಜೆ ಮೇಲಿನ ಮನೆಯ ನರ್ಸ್ ನೋಡಿಕೊಂಡು ಹೋಗಲು ಬಂದಾಗ ನಾನು ಹೇಳಿದ್ದನ್ನೇ ತಾವು ಕಂಡುಹಿಡಿದದ್ದು ಅನ್ನುವ ಹಾಗೆ ಅವಳಿಗೆ ಹೇಳಿದರು. ಅಪ್ಪನ ಜೊತೆ ನಾನು ಕಳೆದ ದಿನಗಳಲ್ಲಿ ಆ ಏಳು ದಿನದಷ್ಟು ಒಳ್ಳೆಯವು ಬೇರೆ ಇಲ್ಲ. ಅದನ್ನು ಬರೆಯುವಾಗಲೂ ನನಗೆ ಸಿಟ್ಟೇ ಬರುತ್ತದೆ.

ಎಂಟನೆಯ ದಿನ ಡಾಕ್ಟರು ನೋಡಿ, ತೂತು ಮುಚ್ಚಿಕೊಂಡಿದೆ ಅಂದರು. ಇನ್ನು ಎಚ್ಚರವಾಗಿರಬೇಕಾದ್ದು ಒಂದೇ: ಮೂಲೆಯಿಂದ ಪರದೆ ಎಳೆದ ಹಾಗೆ ಕಪ್ಪಾಗಿ ಕಂಡರೆ ಅದೇ ದಿನ ಬರಬೇಕು, ಮಾರನೆಯ ದಿನ ಅಲ್ಲ. ಇಬ್ಬರಿಗೂ ಹೇಳಿದರು, ಇಬ್ಬರೂ ತಲೆ ಆಡಿಸಿದೆವು. ಪಂದ್ಯ ಶುಕ್ರವಾರದಿಂದ ಭಾನುವಾರದವರೆಗೆ, ಬೇರೆ ಊರಿನಲ್ಲಿ, ರೈಲಿನಲ್ಲಿ ಐದು ಗಂಟೆಯ ದಾರಿ. ಹೋಗುವುದ್ಯಾಕೆ, ಬಿಟ್ಟುಬಿಡುತ್ತೇನೆ ಅಂತ ನಾನು ಬಾಯಿಮಾತಿಗೆ ಅಂದೆ. ಅವರು ಬೇಡ ಅನ್ನಲಿ ಅಂತಲೇ ಅಂದೆ. "ಹೋಗು. ಕೆಲಸ ಅಂದ್ಮೇಲೆ ಕೆಲಸ" ಅಂದರು ಅಪ್ಪ. ಹನಿ ಈಗ ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಸಂಜೆ ಹಾಕಲು ನರ್ಸ್ ಒಪ್ಪಿಕೊಂಡಳು.

ಕಿಟಕಿಯಿಲ್ಲದ ದೊಡ್ಡ ಹಾಲು, ಕಂಬಳಿಯಂಥ ನೆಲಹಾಸು, ನಾನೂರು ಚಿಲ್ಲರೆ ಜನ. ಪಣಕ್ಕೆ ಹಣದ ಬದಲು ಇಡುವ ಬಿಲ್ಲೆಗಳನ್ನು ಬೆರಳಲ್ಲಿ ಕಲೆಸುವ ಸದ್ದು ಒಲೆ ಮೇಲೆ ಮುಚ್ಚಳ ಕುಣಿದ ಹಾಗೆ ಒಂದೇ ಸಮ. ಕಪ್ಪು ಕನ್ನಡಕದ ಒಬ್ಬ ಪಕ್ಕದಲ್ಲಿ ಬಂದು ಕೂತು "ಯಾರ ಜೊತೆ ಬಂದಿದ್ದೀರಾ?" ಅಂತ ಕೇಳಿದ. ಹದಿಮೂರು ವರ್ಷದಿಂದ ಇದನ್ನೇ ಕೇಳುತ್ತಾರೆ. ಮಧ್ಯಾಹ್ನದೊಳಗೆ ಅವನನ್ನು ಸೋಲಿಸಿ ಮನೆಗೆ ಕಳಿಸಿದೆ, ಆದರೂ ಸಮಾಧಾನವಾಗಲಿಲ್ಲ. ಎರಡನೆಯ ದಿನ ಮುಗಿಯುವಾಗ ನಲವತ್ತು ಜನ ಉಳಿದಿದ್ದೆವು, ನಾನು ಇಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ. ಆಟದ ಹೊತ್ತಿನಲ್ಲಿ ಫೋನ್ ಹೊರಗಿಡಬೇಕು. ಸಂಜೆಯ ವಿರಾಮದಲ್ಲಿ ಮನೆಗೆ ಮಾಡುತ್ತಿದ್ದೆ. ಶನಿವಾರ ಅಪ್ಪ "ಎಲ್ಲ ಸರಿ ಇದೆ" ಅಂದರು. ಆಮೇಲೆ "ನಾಳೆ ಎಷ್ಟು ಹೊತ್ತಿಗೆ ಮುಗಿಯುತ್ತೆ?" ಅಂತ ಕೇಳಿದರು. ನನ್ನ ಆಟದ ಬಗ್ಗೆ ಅಪ್ಪ ಆಸಕ್ತಿಯಿಂದ ಕೇಳುತ್ತಿದ್ದಾರೆ ಅಂತ ಬೀಗಿದೆ. ಎದುರು ಕೂತ ಅಪರಿಚಿತನ ಕತ್ತಿನ ನರ ನೋಡಿ ಅವನ ಎಲೆ ಹೇಳುವವಳು ನಾನು. ನನ್ನ ಅಪ್ಪನ ದನಿಯಲ್ಲಿ ಏನಿತ್ತು ಅಂತ ನನಗೆ ಕೇಳಿಸಲಿಲ್ಲ.

ಭಾನುವಾರ ಮಧ್ಯಾಹ್ನ ಐದು ಜನ ಉಳಿದೆವು. ಬಾಯಲ್ಲಿ ಸದಾ ಹಲ್ಲುಕಡ್ಡಿ ಇಟ್ಟುಕೊಂಡಿದ್ದ ಒಬ್ಬನಿದ್ದ, ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು, ಹಲ್ಲುಕಡ್ಡಿ. ನನ್ನ ಕೈಗೆ ಎರಡು ರಾಜ ಬಂದವು. ಅವನು ತನ್ನ ಬಿಲ್ಲೆಗಳನ್ನೆಲ್ಲ ನಡುವಿಗೆ ನೂಕಿದ, ನಾನೂ ನೂಕಿದೆ. ಅವನ ಹತ್ತಿರ ಇದ್ದದ್ದು ಎರಡು ಹತ್ತು. ನಾಲ್ಕು ಎಲೆ ಬಿದ್ದವು, ಏನೂ ಆಗಲಿಲ್ಲ. ಐದನೆಯದು ಹತ್ತು, ಅವನ ಮೂರು ಹತ್ತಿನ ಮುಂದೆ ನನ್ನ ಎರಡು ರಾಜ ಸೋತವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಎದ್ದು ಎಲ್ಲರ ಕೈ ಕುಲುಕಿದೆ. ಹಲ್ಲುಕಡ್ಡಿ "ನೀವು ಆಡಿದ್ದೇ ಸರಿ" ಅಂದ. ಗೆದ್ದವನು ಆ ಮಾತು ಹೇಳಿದರೆ ಎಷ್ಟು ಉರಿಯುತ್ತದೆ ಅಂತ ನಿನಗೆ ಗೊತ್ತಿಲ್ಲ. ಮಾರನೆಯ ದಿನ ಬೆಳಗಿನ ರೈಲು ಹಿಡಿದು ಬಂದೆ.

ಬಾಗಿಲು ತೆಗೆದಾಗ ಅಪ್ಪ ಹಾಲಿನ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಕಾಲಿಗೆ ಆಗಲೇ ಚಪ್ಪಲಿ. "ಬಂದ್ಯಾ. ಎಷ್ಟನೇ ಸ್ಥಾನ?" ಅಂದರು. ಐದು ಅಂದೆ. "ಸರಿ. ನಡಿ, ಡಾಕ್ಟರ ಹತ್ರ ಹೋಗೋಣ" ಅಂದರು. ಶನಿವಾರ ಮಧ್ಯಾಹ್ನವೇ ಕೆಳಗಿನ ಮೂಲೆಯಲ್ಲಿ ಕಪ್ಪು ಶುರುವಾಗಿತ್ತಂತೆ. ಮೊದಲು ಗ್ಯಾಸಿನ ಗುಳ್ಳೆ ಕರಗುತ್ತಿರಬೇಕು ಅಂದುಕೊಂಡರಂತೆ. ಸಂಜೆಯೊಳಗೆ ಅದಲ್ಲ ಅಂತ ತಿಳಿದಿತ್ತು. ನರ್ಸಿಗೂ ಹೇಳಲಿಲ್ಲ, ಹೇಳಿದರೆ ಅವಳು ನನಗೆ ಫೋನ್ ಮಾಡುತ್ತಾಳೆ ಅಂತ. ಆಟೋದಲ್ಲಿ ನಾನು ಕಿರುಚಾಡಿಬಿಟ್ಟೆ, ಡ್ರೈವರ್ ತಿರುಗಿ ನೋಡಿದ. ಅಪ್ಪ ಮೆಲ್ಲಗೆ, "ಭಾನುವಾರ ನಿನ್ನ ಕೊನೇ ದಿನ ಅಲ್ವಾ. ಒಂದೂವರೆ ದಿನದಲ್ಲಿ ಏನು ಆಗೋಗುತ್ತೆ ಅಂದ್ಕೊಂಡೆ" ಅಂದರು. ಹದಿಮೂರು ವರ್ಷ ನನ್ನ ಕೆಲಸವನ್ನು ಕೆಲಸ ಅನ್ನದ ಮನುಷ್ಯ, ಕೆಲಸ ಅಂದ ಹದಿನೈದೇ ದಿನಕ್ಕೆ ಅದಕ್ಕಾಗಿ ಕಣ್ಣು ಕೊಟ್ಟು ಕೂತರು. ಇಂಥ ಗೌರವವನ್ನು ನಾನು ಯಾವಾಗ ಕೇಳಿದ್ದೆ ಅಮ್ಮಾ? ಡಾಕ್ಟರು ಆ ದಿನವೇ ಮತ್ತೆ ಆಪರೇಶನ್ ಮಾಡಿದರು. ಶನಿವಾರವೇ ಬಂದಿದ್ದರೆ ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಪರದೆ ಬಿಚ್ಚಿಕೊಂಡಿತ್ತು, ಅಂಟಿಸಿದರು, ನೋಟ ಮಾತ್ರ ಬರಲಿಲ್ಲ.

ಇದಾಗಿ ಐದು ವಾರ. ಅಪ್ಪ ನನ್ನನ್ನು ಒಂದು ಮಾತು ಬೈದಿಲ್ಲ, ಅದೇ ನನಗೆ ತಡೆಯಲಾಗುತ್ತಿಲ್ಲ. ಅಂಗಡಿಯ ಹಳೆ ಗಿರಾಕಿಗಳು ನೋಡಲು ಬರುತ್ತಾರೆ, "ಛೇ, ಆಪರೇಶನ್ ಮಾಡಿಸಬಾರದಿತ್ತು" ಅನ್ನುತ್ತಾರೆ. ಕೆಟ್ಟ ಮೇಲೆ ಬುದ್ಧಿ ಎಲ್ಲರಿಗೂ ಬರುತ್ತದೆ. ಅಪ್ಪ ಅವರಿಗೆಲ್ಲ ಏನು ಹೇಳುತ್ತಾರೆ ಗೊತ್ತಾ? "ಇಲ್ಲ, ಮಾಡಿಸಿದ್ದೇ ಸರಿ. ಲೆಕ್ಕ ಸರಿ ಇತ್ತು, ಎಲೆ ಸರಿ ಬೀಳಲಿಲ್ಲ, ಅಷ್ಟೇ." ನನ್ನ ಮಾತು. ಜಗತ್ತಿನಲ್ಲಿ ಒಬ್ಬರಾದರೂ ಇದನ್ನು ಅರ್ಥ ಮಾಡಿಕೊಳ್ಳಲಿ ಅಂತ ನಾನು ಹದಿಮೂರು ವರ್ಷ ಕಾದ ಮಾತು. ಅದನ್ನು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ಆ ಹಾಳು ನಲ್ಲಿಯನ್ನು ತಿರುಗಿಸುತ್ತಾ ನಿಲ್ಲುತ್ತೇನೆ. ಯಾಕೆಂದರೆ ಲೆಕ್ಕ ಸರಿ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಹತ್ತಕ್ಕೆ ಏಳು, ನಾನು ತೋರಿಸಿದ್ದು ನೂರಕ್ಕೆ ತೊಂಬತ್ತೈದು. ಏಳಾದರೂ ನಾನು ಮಾಡಿಸಿ ಅಂತಲೇ ಹೇಳುತ್ತಿದ್ದೆ, ಅದು ಬೇರೆ ಮಾತು. ಹೂಂ ಅನ್ನುವುದೋ ಬಿಡುವುದೋ ಅವರಿಗೆ ಬಿಟ್ಟದ್ದಾಗಿತ್ತು, ಅದನ್ನು ನಾನು ಅವರ ಕೈಯಿಂದ ಕಿತ್ತುಕೊಂಡೆ. ನಿಜ ಹೇಳಬೇಕು ಅಂತ ಮೂರು ಸಲ ಎದುರು ಹೋಗಿ ಕೂತೆ. ಒಮ್ಮೆ ಪ್ಲಂಬರ್ ಬಂದ. ಒಮ್ಮೆ ಅವರೇ ಹನಿ ಹಾಕು ಅಂದರು. ಮೂರನೆಯ ಸಲ ಯಾರೂ ಬರಲಿಲ್ಲ, ಆದರೂ ಹೇಳಲು ನನಗೆ ಬಾಯಿ ಬರಲಿಲ್ಲ.

ಇಷ್ಟೇ ಆಗಿದ್ದರೆ ನೀನು ಬರುವವರೆಗೆ ಕಾಯುತ್ತಿದ್ದೆ. ಈಗ ಬಲಗಣ್ಣಿನಲ್ಲೂ ಅದೇ ಶುರುವಾಗಿದೆ. ತೂತು ಇನ್ನೂ ಸಣ್ಣದು. ಡಾಕ್ಟರು ಈ ಸಲ ಅಪ್ಪನನ್ನು ಎದ್ದು ಹೋಗಲು ಬಿಡಲಿಲ್ಲ, ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು: ಬೇಗ ಮಾಡಿದರೆ ಹತ್ತಕ್ಕೆ ಒಂಬತ್ತು, ಬಿಟ್ಟರೆ ವರ್ಷದೊಳಗೆ ಓದುವುದು ಬರೆಯುವುದು ಕಷ್ಟ, ಆದರೆ ಉಳಿದಿರುವುದು ಇದೊಂದೇ ಕಣ್ಣು, ಯೋಚಿಸಿ ಹೇಳಿ. ಹೊರಗೆ ಬಂದು ರಸ್ತೆ ದಾಟಲು ನಿಂತಾಗ ಅಪ್ಪ, "ನೀನು ಹೇಳು. ಹೋದ ಸಲಾನೂ ನೀನೇ ಹೇಳಿದ್ದು" ಅಂದರು. ಹದಿನೈದು ದಿನವಾಯಿತು, ನಾನು ಏನೂ ಹೇಳಿಲ್ಲ. ಹತ್ತಕ್ಕೆ ಒಂಬತ್ತು ಅಂತ ಗೊತ್ತಿದ್ದೂ ನನ್ನ ಬಾಯಿಂದ ಮಾಡಿಸಿ ಅನ್ನುವ ಮಾತು ಹೊರಡುತ್ತಿಲ್ಲ. ಮೊನ್ನೆ ಆಡಲು ಹೋದರೂ ಇದೇ ಗತಿ. ಒಳ್ಳೆಯ ಎಲೆಯನ್ನೂ ಕೆಳಗಿಟ್ಟು ಎದ್ದು ಬಂದೆ. ಅಪ್ಪ ಬೆಳಿಗ್ಗೆ ಅಂಗಡಿಗೆ ಹೋಗಿ, ಕೆತ್ತಿದ ಹೆಸರುಗಳನ್ನು ಹೆಬ್ಬೆರಳಿನಿಂದ ಸವರಿ ಸರಿ ಇದೆಯಾ ನೋಡುತ್ತಾರೆ. ನಾನು ಇಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ. ಏನು ಮಾಡಲಿ ಹೇಳು. ಇಲ್ಲ, ಹೇಳಬೇಡ, ಬೈದು ಬರೆ, ಅದೇ ಸಾಕು.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಚಿಕ್ಕಮ್ಮನಿಗೆ ನಾನು ಕೇಳಿದೆ ಅಂತ ಹೇಳು, ಪೊಲೀಸರು ಇನ್ನೂ ಬಂದಿಲ್ಲ ಅಂತಲೂ ಹೇಳು. ನಿನ್ನ ಕಾಲಿಗೆ ಬೀಳುವಷ್ಟು ಧೈರ್ಯ ಇವತ್ತು ಇಲ್ಲ, ದೂರದಿಂದಲೇ ಕೈ ಮುಗಿಯುತ್ತೇನೆ.

ನಿನ್ನ
ಮೊಂಡಿ ಮಗಳು

ಮರೆತದ್ದು, ಅಲ್ಲ, ಈಗಷ್ಟೇ ಆದದ್ದು: ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಬಂದು "ಯಾರಿಗೆ?" ಅಂದರು. ಅಮ್ಮನಿಗೆ, ಎಲ್ಲ ಬರೆದಿದ್ದೇನೆ ಅಂದೆ. ಆ ಉಸಿರಿನಲ್ಲೇ ಹೇಳಿಬಿಟ್ಟೆ, ಅವತ್ತು ಡಾಕ್ಟರು ಹೇಳಿದ್ದು ಹತ್ತಕ್ಕೆ ಏಳು ಅಂತ. "ಗೊತ್ತು" ಅಂದರು. ಮೊದಲ ಆಪರೇಶನ್ನಿಗೆ ಮಲಗಿಸುವ ಮುಂಚೆ ಡಾಕ್ಟರು ಆ ಲೆಕ್ಕವನ್ನು ಅವರಿಗೇ ಹೇಳಿ ಒಪ್ಪಿಗೆ ಕೇಳಿದ್ದರಂತೆ. "ಏಳು ಸಾಕು ಅನ್ನಿಸ್ತು, ಮಲಗಿದೆ" ಅಂದರು. ಮತ್ತೆ ಐದು ವಾರ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದರೆ, "ನೀನು ಹೇಳ್ತೀಯ ಅಂತ ಕಾಯ್ತಿದ್ದೆ" ಅಂದರು. ನಗಬೇಕೋ ಕೈಗೆ ಸಿಕ್ಕಿದ್ದನ್ನು ಎಸೆಯಬೇಕೋ ತಿಳಿಯದೆ ನಿಂತೆ. ಬಲಗಣ್ಣಿನ ಆಪರೇಶನ್ ಈ ತಿಂಗಳು ಇಪ್ಪತ್ತೊಂದು, ಶುಕ್ರವಾರ. ನಿನ್ನೆಯೇ ಒಬ್ಬರೇ ಹೋಗಿ ದಿನ ಗೊತ್ತುಮಾಡಿ ಬಂದಿದ್ದಾರೆ. ಜೊತೆಗೆ ಇರುವವರು ಯಾರು ಅಂತ ಆಸ್ಪತ್ರೆಯವರು ಕೇಳಿದ್ದಕ್ಕೆ ನಿನ್ನ ಹೆಸರು ಬರೆಸಿದ್ದಾರೆ, ನನ್ನದಲ್ಲ. "ಆ ವಾರ ನಿನಗೆ ಕೆಲಸ ಇರುತ್ತಲ್ಲ" ಅಂದರು. ಮುಖ ನೋಡಿದೆ, ಅದು ಮರ್ಯಾದೆಗೆ ಅಂದದ್ದೋ ಭಯಕ್ಕೆ ಅಂದದ್ದೋ ನನಗೆ ತಿಳಿಯಲಿಲ್ಲ. ಆ ವಾರದ ಆಟಕ್ಕೆ ಬರುವುದಿಲ್ಲ ಅಂತ ಈಗಲೇ ಹೇಳಿ ಕಳಿಸಿದೆ. ಹತ್ತೊಂಬತ್ತು, ಬುಧವಾರದೊಳಗೆ ಬಾ ಅಮ್ಮಾ. ಅಪ್ಪ ಬಾಯಿಬಿಟ್ಟು ಕರೆಯುವುದಿಲ್ಲ, ನಿನ್ನ ಹೆಸರು ಬರೆಸಿದ್ದೇ ಕರೆದ ಹಾಗೆ. ನೀನು ಬಂದರೂ ನಾನೂ ಇರುತ್ತೇನೆ.